ರಸ್ತೆ ದಾಟಿಸುವ ವೇಳೆ: ಸಂಜೆ ಐದರಿಂದ ಆರು

ಪುಣೆಯ ಸದಾಶಿವ ಪೇಟೆಯ ಅಪ್ಪಾಸಾಹೇಬ ಘೋಟವಡೇಕರ ಕಲಾ ಮತ್ತು ವಾಣಿಜ್ಯ ಮಹಾವಿದ್ಯಾಲಯದ ಅಂತಿಮ ವರ್ಷದಲ್ಲಿ ನಾನೂರ ಹದಿಮೂರು ವಿದ್ಯಾರ್ಥಿಗಳಿದ್ದು, ಜೂನ್ ನಾಲ್ಕನೇ ತಾರೀಖಿನ ಬೆಳಗಿನ ಹೊತ್ತಿಗೆ ಅವರಲ್ಲಿ ನಾನೂರ ಹನ್ನೆರಡು ಮಂದಿ ಸಭ್ಯರಾಗಿದ್ದರು. ಇದು ಕಾಲೇಜಿನ ದಫ್ತರದಲ್ಲಿ ನಮೂದಾಗಿರುವ ಸಂಗತಿ. ಉಳಿದವಳು ಸಾವನಿ ಟಿಪಣೀಸ್, ಬಿ.ಎ., ಹಾಜರಿ ಸಂಖ್ಯೆ ಮುನ್ನೂರ ಆರು. ಸಭ್ಯತೆಗೆ ನೂರು ಅಂಕ ಬೇಕಿದ್ದಲ್ಲಿ ಅವಳ ಬಳಿ ತೊಂಬತ್ತೈದು ಇದ್ದವು. ಆ ಲೆಕ್ಕಕ್ಕೆ ಅವಳು ಐದು ಅಂಕದಷ್ಟು ಅಸಭ್ಯಳಾಗಿ ಉಳಿದಿದ್ದಳು.

ಸಭ್ಯತೆ ಈ ಕಾಲೇಜಿಗೆ ಬಂದದ್ದು ಹೀಗೆ. ಹಿಂದಿನ ವರ್ಷ ಮೌಲ್ಯಮಾಪನ ಸಮಿತಿ ತಪಾಸಣೆಗೆ ಬಂದಾಗ ಅದರ ಅಧ್ಯಕ್ಷೆ ಡಾ. ಅರುಂಧತಿ ಬೋರ್ವಣಕರ ಅವರು ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಕ್ಯಾಂಟೀನಿಗೆ ಹೋಗಿ ಒಂದು ಚಹಾ ಕೇಳಿದರು. ಕ್ಯಾಂಟೀನಿನ ಮಾಲೀಕರು ಗಡಿಯಾರ ನೋಡಿ, "ಊಟದ ಹೊತ್ತಿನಾಗ ಚಹಾ ಕೇಳ್ತೀರಲ್ಲ ಅಕ್ಕಾರ, ನಿಮ್ಮ ಮನ್ಯಾಗ ಹಿಂಗ ನಡೀತದೇನು?" ಎಂದು ವಿಚಾರಿಸಿದರು. ಪ್ರಾಚಾರ್ಯರ ಕೋಣೆ ಎಲ್ಲಿ ಎಂದು ಕೇಳಿದ್ದಕ್ಕೆ ಒಬ್ಬ ವಿದ್ಯಾರ್ಥಿ, "ಬೋರ್ಡ್ ಹಾಕ್ಯಾರಲ್ರೀ. ಯಾರೂ ಓದೂದಿಲ್ಲಂದ್ರ ಹಾಕೋದರ ಯಾಕ?" ಎಂದ. ಇಬ್ಬರೂ ತಾವು ಉಪಕಾರವನ್ನೇ ಮಾಡಿದೆವೆಂದು ನಂಬಿದ್ದರು. ತಪ್ಪು ಮಾಡಿದವರಿಗೆ ತಪ್ಪನ್ನು ತಕ್ಷಣ ತೋರಿಸಿಕೊಡುವುದು ಈ ಪೇಟೆಯಲ್ಲಿ ಆತಿಥ್ಯದ ಭಾಗ. ಆದರೆ ಡಾ. ಬೋರ್ವಣಕರ ಬೇರೆ ಊರಿನವರು. ವರದಿಯಲ್ಲಿ ಅವರು, "ಸಾಮಾಜಿಕ ನಯ: ಶೂನ್ಯ. ಮುಂದಿನ ವರ್ಷ ಮತ್ತೆ ಬರುತ್ತೇವೆ. ಚಹಾ ಕುಡಿದೇ ಬರುತ್ತೇವೆ" ಎಂದು ಬರೆದು ಸಹಿ ಮಾಡಿದರು.

ಆಡಳಿತ ಮಂಡಳಿ ಕೂಡಲೇ ಸಭೆ ಸೇರಿ ಸಭ್ಯತಾ ವಿಭಾಗವನ್ನು ಸ್ಥಾಪಿಸಿತು. ಮುಖ್ಯಸ್ಥರಾಗಿ ತರ್ಕಶಾಸ್ತ್ರದ ಪ್ರೊ. ಮೋರೇಶ್ವರ ದಾತಾರರನ್ನು ನೇಮಿಸಲಾಯಿತು. ತರ್ಕಶಾಸ್ತ್ರಕ್ಕೆ ನಾಲ್ಕು ವರ್ಷಗಳಿಂದ ಒಬ್ಬ ವಿದ್ಯಾರ್ಥಿಯೂ ಸೇರಿರಲಿಲ್ಲ. ದಾತಾರ್ ಸರ್ ದಿನವೂ ಖಾಲಿ ಕೋಣೆಗೆ ಹೋಗಿ, ಹಾಜರಿ ಕರೆದು, ತಡವಾಗಿ ಬಂದವರಿಲ್ಲದ್ದಕ್ಕೆ ಬೇಸರಪಟ್ಟು ವಾಪಸಾಗುತ್ತಿದ್ದರು. "ಅಸಭ್ಯತೆಯ ವಿಷಯದಲ್ಲಿ ಮೂವತ್ತು ವರ್ಷಗಳ ಪ್ರತ್ಯಕ್ಷ ಅನುಭವವುಳ್ಳ ಇನ್ನೊಬ್ಬ ಅಧ್ಯಾಪಕರು ನಮ್ಮಲ್ಲಿಲ್ಲ" ಎಂಬ ಠರಾವು ಸರ್ವಾನುಮತದಿಂದ ಪಾಸಾಯಿತು. ಅನುಮೋದಿಸಿದವರು ಸ್ವತಃ ದಾತಾರ್ ಸರ್.

ಉದ್ಘಾಟನೆಯ ದಿನ ಅವರು ಹೇಳಿದರು: "ಲಖನೌದಾಗ ಬಾಗಲದಾಗ ನಿಂತು 'ನೀವು ಮೊದಲು, ನೀವು ಮೊದಲು' ಅಂತಾರಂತ. ಅದು ಸಭ್ಯತೆ ಅಲ್ಲ, ಟ್ರಾಫಿಕ್ ಜಾಮು. ನಾವು ಹಂಗ ಮಾಡೂದಿಲ್ಲ. ಯಾರು ಮೊದಲು ಅನ್ನೋದನ್ನ ಬರದು ಬಾಗಲಕ್ಕ ಹಚ್ಚತೇವಿ."

ಹಾಗೆಯೇ ಹಚ್ಚಿದರು. ಒಂದು ತಿಂಗಳಲ್ಲಿ ಕಾಲೇಜಿನ ತುಂಬ ಬೋರ್ಡುಗಳಾದವು. ಹೆಬ್ಬಾಗಿಲಲ್ಲಿ, "ಇಲ್ಲಿ ನಮಸ್ಕಾರ ಮಾಡಿ ಮುಂದೆ ಹೋಗಿ. ಪ್ರತಿನಮಸ್ಕಾರಕ್ಕಾಗಿ ಕಾಯುತ್ತ ಗುಂಪುಗೂಡಬಾರದು." ಗ್ರಂಥಾಲಯದಲ್ಲಿ, "ನಗುವುದಕ್ಕೆ ಶುಲ್ಕವಿಲ್ಲ. ಹಾಗೆಂದು ದುಂದು ಮಾಡಬೇಡಿ. ಕಾಣಬೇಕಾದ ಹಲ್ಲುಗಳು: ನಾಲ್ಕು."

ಪ್ರತಿ ವಿದ್ಯಾರ್ಥಿಗೂ ತೊಂಬತ್ತಾರು ಪುಟಗಳ ಒಂದು ಸಭ್ಯತಾ ಪುಸ್ತಿಕೆ ಸಿಕ್ಕಿತು. ಅದನ್ನು ಅಚ್ಚು ಹಾಕಿದ್ದು ಕಾರ್ಯದರ್ಶಿಗಳ ಅಳಿಯನ ಪ್ರೆಸ್ಸು; ಅಳಿಯ ಬಹಳ ಸಭ್ಯನಾದ್ದರಿಂದ ಟೆಂಡರಿನಲ್ಲಿ ಬೇರೆ ಯಾರೂ ಅವನಿಗೆ ಅಡ್ಡ ಬರಲಿಲ್ಲ. ಮುಂದಿನ ಪುಟಗಳಲ್ಲಿ ನಿಯಮಗಳು, ಹಿಂದಿನ ಪುಟಗಳಲ್ಲಿ ಖಾಲಿ ಗೆರೆಗಳು. ಸಭ್ಯತೆಗೆ ಪಾತ್ರರಾದವರು ಅಲ್ಲಿ ವೇಳೆ ಮತ್ತು ಸ್ವರೂಪ ಬರೆದು ಸಹಿ ಹಾಕಬೇಕು. ಧನ್ಯವಾದಕ್ಕೆ ಒಂದು ಅಂಕ, ಕ್ಷಮೆ ಕೇಳಿದ್ದಕ್ಕೆ ಎರಡು, ವೃದ್ಧರನ್ನು ರಸ್ತೆ ದಾಟಿಸಿದ್ದಕ್ಕೆ ಐದು. ಕ್ಷಮೆಗೆ ಎರಡಿದ್ದುದರಿಂದ ಮೊದಲ ವಾರವೇ ಕಾಲೇಜಿನಲ್ಲಿ ಕಾಲು ತುಳಿಯುವ ಪ್ರಮಾಣ ಏರಿತು. ತಮ್ಮ ವಿಭಾಗದವರ ಕಾಲನ್ನು ಮಾತ್ರ ತುಳಿಯತಕ್ಕದ್ದೆಂದು ಸುತ್ತೋಲೆ ಹೊರಡಿಸಿದ ಮೇಲೆ ಎಲ್ಲವೂ ಶಿಸ್ತಿಗೆ ಬಂತು. ಪ್ರಾಚಾರ್ಯ ಪಿಂಗಳೆಯವರ ಹೆಂಡತಿಯ ತಮ್ಮ ಎದುರುಗಡೆಯೇ 'ಖಾತ್ರಿ ಸಭ್ಯತಾ ಕ್ಲಾಸ್' ತೆರೆದು, ಸಹಿ ಮಾಡಬಲ್ಲ ಮೂವರು ವೃದ್ಧರನ್ನು ಬೆಂಚಿನ ಮೇಲೆ ಸದಾ ಸಿದ್ಧವಾಗಿಟ್ಟಿದ್ದ.

ಕ್ಲಾಸಿಗೆ ಹೋಗಲಾರದವರಿಗೆ ಓಗಲೆ ಅಜೋಬಾ ಇದ್ದರು.

ನಾರಾಯಣ ವಾಮನ ಓಗಲೆ, ವಯಸ್ಸು ಎಪ್ಪತ್ತೊಂಬತ್ತು, ಪೇಟೆಗೆಲ್ಲ ಅಜೋಬಾ, ಅಂದರೆ ಅಜ್ಜ. ಪಂಚಾಂಗ ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ನಲವತ್ತು ವರ್ಷ ಪ್ರೂಫ್ ನೋಡಿದವರು. ಕಾಲೇಜಿನ ಮಗ್ಗುಲಲ್ಲೇ ಅವರ ಹಳೆಯ ವಾಡೆ ಮನೆ. ಸಂಜೆ ಗಾಳಿ ಸೇವನೆಗೆ ಗೇಟಿನ ಮುಂದೆ ನಿಲ್ಲುವುದು ಅವರ ರೂಢಿ. ಸಭ್ಯತಾ ವಿಭಾಗ ಶುರುವಾದ ಮೇಲೆ, ನಿಂತ ಐದು ನಿಮಿಷಕ್ಕೆ ಯಾರಾದರೊಬ್ಬರು ಬಂದು ಅವರನ್ನು ಆಚೆ ದಂಡೆಗೆ ಮುಟ್ಟಿಸಿ ಸಹಿ ಪಡೆದು ಮಾಯವಾಗುತ್ತಿದ್ದರು. ಅಜೋಬಾಗೆ ಆಚೆ ದಂಡೆಯಲ್ಲಿ ಯಾವ ಕೆಲಸವೂ ಇರಲಿಲ್ಲ. ಒಂದು ದಿನ ಹದಿನಾಲ್ಕು ಸಲ ದಾಟಿಸಲ್ಪಟ್ಟ ಮೇಲೆ ಅವರು ಗೇಟಿಗೆ ಬೋರ್ಡ್ ಹಾಕಿದರು:

"ರಸ್ತೆ ದಾಟಿಸುವ ವೇಳೆ: ಸಂಜೆ ಐದರಿಂದ ಆರು. ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ದಾಟಿಸಿದವರೇ ವಾಪಸ್ ತಂದು ಬಿಡತಕ್ಕದ್ದು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾವ ಉಪಕಾರವನ್ನೂ ಸ್ವೀಕರಿಸಲಾಗುವುದಿಲ್ಲ. ಮತ್ತೊಮ್ಮೆ ಓದಿ."

ಒಂದರಿಂದ ನಾಲ್ಕು ಪೇಟೆಯೇ ಮಲಗುವ ಹೊತ್ತು. ಆ ಹೊತ್ತಿನಲ್ಲಿ ಅಂಗಡಿಯ ಗಿರಾಕಿಗಿಂತ ದೊಡ್ಡ ಶತ್ರು ಇಲ್ಲಿ ಯಾರಿಗೂ ಇಲ್ಲ. ಹೀಗಾಗಿ ಬೋರ್ಡಿನಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ. ವಿದ್ಯಾರ್ಥಿಗಳು ಹೆಸರು ಬರೆಸಿ ಸರದಿ ಹಿಡಿಯತೊಡಗಿದರು.

ಸಾವನಿ ಆ ವಾಡೆಯ ಮೇಲಿನ ಕೋಣೆಯಲ್ಲಿ ಮೂರು ವರ್ಷದಿಂದ ಬಾಡಿಗೆಗಿದ್ದಳು. ಅಜೋಬಾನ ಹಾಲು ತರುವವಳು ಅವಳೇ, ಕನ್ನಡಕ ಹುಡುಕಿ ಕೊಡುವವಳು ಅವಳೇ. "ಅಜೋಬಾ, ಸ್ವೆಟರ್ ತಿರುವಿ ಹಾಕ್ಕೊಂಡೀರಿ. ಹಿಂಗ ಹೋದ್ರ ಜನ ನಗತಾರ" ಎಂದು ಅವಳು ಕೂಗುವುದು, "ನಗೋರಿಗೆ ಬ್ಯಾರೆ ಕೆಲಸ ಇಲ್ಲ, ಹೇಳೋರಿಗೂ ಇಲ್ಲ" ಎಂದು ಅವರು ಕೂಗುವುದು ದಿನಾ ಬೆಳಗಿನ ಮಾತು. ಇದಕ್ಕೆಲ್ಲ ಸಹಿ ಪಡೆಯಬೇಕೆಂಬುದು ಅವಳಿಗೆ ಹೊಳೆಯಲೇ ಇಲ್ಲ. ಹೊಳೆಯುವಷ್ಟರಲ್ಲಿ ಮೇ ತಿಂಗಳು ಬಂದಿತ್ತು.

ಪ್ರಾಯೋಗಿಕ ಪರೀಕ್ಷೆಯಲ್ಲೂ ಅವಳದು ಅದೇ ಹಣೆಬರಹ. ಮನೆಗೆ ಬಂದವರಿಗೆ ಚಹಾ ಕೇಳುವ ವಿಧಾನ ಎಂಬುದು ಪ್ರಶ್ನೆ. ಆತಿಥೇಯರು ಮೂರು ಸಲ ಕೇಳಬೇಕು, ಅತಿಥಿಗಳು ಎರಡು ಸಲ ಬೇಡವೆನ್ನಬೇಕು. ಹೊರಗಿನಿಂದ ಬಂದ ಪರೀಕ್ಷಕರು ಬಿಸಿಲಿನಲ್ಲಿ ಸುಸ್ತಾಗಿದ್ದುದನ್ನು ಕಂಡ ಸಾವನಿ ಏನನ್ನೂ ಕೇಳದೆ ಒಂದು ಕಪ್ ಚಹಾ ತಂದು ಅವರ ಮುಂದಿಟ್ಟಳು. ಪರೀಕ್ಷಕರು ಪೂರ್ತಿ ಕುಡಿದು, "ಭಾಳ ಛಲೋ ಆಗ್ಯದ" ಎಂದು ಹೇಳಿ, ಕೇಳದೆ ಕೊಟ್ಟಿದ್ದಕ್ಕಾಗಿ ನಾಲ್ಕು ಅಂಕ ಕಳೆದರು.

ಅವಳಿಗೆ ಪದವಿ ಬೇಕೇ ಬೇಕಿತ್ತು. ಸಾತಾರೆಯ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಅವಳಿಗೆ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಕಿವಿ ಕೇಳದ ತಮ್ಮ ನೀರಜನೊಂದಿಗೆ ಹದಿನೈದು ವರ್ಷ ಬರೀ ಕೈಯಲ್ಲೇ ಜಗಳಾಡಿ ಕಲಿತ ಭಾಷೆ ಅವಳದು. ಸಂದರ್ಶನದಲ್ಲಿ ಅವಳಷ್ಟು ಚುರುಕಾಗಿ ಬೆರಳು ಆಡಿಸಿದವರು ಇನ್ನೊಬ್ಬರಿರಲಿಲ್ಲ. ಜೂನ್ ಹದಿನೈದರ ಬೆಳಿಗ್ಗೆ ಪದವಿ ಪತ್ರದೊಡನೆ ಹಾಜರಾಗಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿರುವ ಮುಂದಿನ ಹೆಸರು. ಸಭ್ಯತೆಯಲ್ಲಿ ನೂರು ಅಂಕವಿಲ್ಲದವರಿಗೆ ಪದವಿ ಪತ್ರವಿಲ್ಲ. ಹಾಗಾಗಿ ಜೂನ್ ನಾಲ್ಕರ ಸಂಜೆ ಐದೂ ಹತ್ತಕ್ಕೆ ಅಜೋಬಾನನ್ನು ರಸ್ತೆ ದಾಟಿಸಲು ಅವಳೂ ಸರದಿಯಲ್ಲಿ ಹೆಸರು ಬರೆಸಿದ್ದಳು.

ಅಂದು ಮಧ್ಯಾಹ್ನ ಎರಡಕ್ಕೆ, ಬೋರ್ಡಿನ 'ಒಂದರಿಂದ ನಾಲ್ಕು' ಮಾಸಿದೆಯೆಂದು ಅಜೋಬಾ ಸ್ಟೂಲ್ ಹತ್ತಿ ಬಣ್ಣ ಬಳಿಯಲು ಹೋಗಿ ಬಿದ್ದರು.

ಗೇಟಿನ ಎದುರಿಗೇ ಹದಿನೇಳು ವಿದ್ಯಾರ್ಥಿಗಳಿದ್ದರು. ಇವರೆಲ್ಲ ಈಗಾಗಲೇ ಸಭ್ಯರಾದವರೇ, ಆದರೆ ನೂರೈವತ್ತು ಅಂಕಕ್ಕೆ ಸಿಗುವ 'ಅತಿಸಭ್ಯ' ಪದಕಕ್ಕಾಗಿ ಸಂಜೆಯ ಸರದಿಗೆ ಮಧ್ಯಾಹ್ನವೇ ಬಂದು ನಿಂತವರು. ಅವರ ಮುಂದಾಳು ಚಿನ್ಮಯ ವೈಶಂಪಾಯನ ಪುಸ್ತಿಕೆ ತೆರೆದು, ಬಿದ್ದವರಿಂದ ಮೂರು ಅಡಿ ದೂರದಲ್ಲಿ ನಿಂತು, ನಾಲ್ಕು ಹಲ್ಲು ಕಾಣುವಂತೆ ನಕ್ಕು, "ಅಜೋಬಾ, ನಾವು ತಮಗೆ ಸಹಾಯ ಮಾಡಬಹುದೇ?" ಎಂದು ಕೇಳಿದ.

"ಎಷ್ಟಾತೋ ಗಂಟಿ?" ಎಂದರು ಅಜೋಬಾ, ಬಿದ್ದಲ್ಲಿಂದಲೇ.

"ಎರಡೂ ಐದು ರೀ."

"ಮತ್ತ? ಬೋರ್ಡ್ ಓದಲಿಕ್ಕೆ ಬರೂದಿಲ್ಲೇನು? ಈಗರ ಬಣ್ಣ ಹಚ್ಚೀನಿ!"

ಹದಿನೇಳು ಮಂದಿ ಬೋರ್ಡನ್ನು ಮತ್ತೊಮ್ಮೆ ಓದಿದರು. ಬಣ್ಣ ಹಸಿಯಿದ್ದರೂ ಅಕ್ಷರ ಸ್ಪಷ್ಟವಾಗಿತ್ತು. ಅವರು ಬಂದ ಸರದಿಯಲ್ಲೇ ಫುಟ್‌ಪಾತಿನ ಮೇಲೆ ಕೂತು ನಾಲ್ಕು ಗಂಟೆಗಾಗಿ ಕಾಯತೊಡಗಿದರು. ಜಿಟಿಜಿಟಿ ಮಳೆ ಶುರುವಾಯಿತು. ಒಬ್ಬ ಕೊಡೆ ಬಿಚ್ಚಿದ. ಕೇಳದೆ ಅಜೋಬಾನ ಮೇಲೆ ಹಿಡಿದರೆ ಅದೂ ಉಪಕಾರವಾಗಿಬಿಡುತ್ತದೆಂದು ಚಿನ್ಮಯ ಎಚ್ಚರಿಸಿದ್ದರಿಂದ ಪುಸ್ತಿಕೆಗಳ ಮೇಲೆ ಹಿಡಿದ.

ಎರಡೂ ಹತ್ತಕ್ಕೆ ಸಾವನಿಯ ಸ್ಕೂಟರ್ ಬಂತು. ಈ ಊರಿನ ಎಲ್ಲ ಹುಡುಗಿಯರಂತೆ ಅವಳೂ ಕಣ್ಣೆರಡು ಬಿಟ್ಟು ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡಿದ್ದಳು. ನೆಲದ ಮೇಲೆ ಅಜೋಬಾ, ಸಾಲಾಗಿ ಹದಿನೇಳು ಜನ.

"ಏನ್ ನೋಡ್ತೀರೋ, ಸಿನಿಮಾ ನಡದದೇನು?" ಎನ್ನುತ್ತ ಸ್ಕೂಟರನ್ನು ಹಾಗೇ ಕೆಡವಿ ಓಡಿಬಂದಳು. ಮುಖದ ಓಢಣಿ ಬಿಚ್ಚಿ ಅಜೋಬಾನ ಹಿಮ್ಮಡಿಗೆ ಬಿಗಿಯಾಗಿ ಸುತ್ತಿದಳು. ಅವಳು ಯಾರೆಂಬುದು ಹದಿನೇಳು ಮಂದಿಗೂ ಗೊತ್ತಾದದ್ದು ಆಗಲೇ.

"ವ್ಯಾಳ್ಯಾ ಆಗಿಲ್ಲ ಪೋರಿ," ಎಂದರು ಅಜೋಬಾ ಹಲ್ಲು ಕಚ್ಚಿ.

"ನಿಮ್ಮ ವ್ಯಾಳ್ಯಾ ಹಾಳಾಗಿ ಹೋಗ್ಲಿ. ಈ ವಯಸ್ಸಿನಾಗ ಸ್ಟೂಲ್ ಹತ್ತಂತ ಯಾರು ಹೇಳಿದ್ರು? ಕೈ ನನ್ನ ಹೆಗಲ ಮ್ಯಾಲ ಹಾಕ್ರಿ. ಬಾಯಿ ಮುಚ್ಚಿ ಏಳ್ರಿ."

ಎತ್ತಿ, ಸ್ಕೂಟರಿನ ಹಿಂದೆ ಕೂರಿಸಿ, ಆಸ್ಪತ್ರೆಗೆ ಒಯ್ದಳು. ಹದಿನೇಳು ಜನ ಅವಳ ಮಾತುಗಳನ್ನು ಬರೆದುಕೊಂಡರು.

ಹಿಮ್ಮಡಿಯ ಎಲುಬು ಬಿರುಕು ಬಿಟ್ಟಿತ್ತು. ಇನ್ನೆರಡು ತಾಸು ತಡವಾಗಿದ್ದರೆ ಬಾವು ಏರಿ ಕೊಯ್ಯಬೇಕಾಗುತ್ತಿತ್ತೆಂದು ಡಾಕ್ಟರ್ ಹೇಳಿ ಪ್ಲಾಸ್ಟರ್ ಹಾಕಿದರು. ಸಂಜೆ ಸರಿಯಾಗಿ ಐದಕ್ಕೆ ಹದಿನೇಳು ಮಂದಿ ಆಸ್ಪತ್ರೆಗೆ ಹಾಜರಾದರು. ಅವರು ಬೋರ್ಡನ್ನು ಗೌರವಿಸಿದ್ದರಿಂದ ಅಜೋಬಾ ಪ್ರತಿಯೊಬ್ಬರ ಪುಸ್ತಿಕೆಯಲ್ಲೂ "ತಾಳ್ಮೆ" ಎಂದು ಬರೆದು ಸಹಿ ಹಾಕಿದರು. ತಾಳ್ಮೆಗೆ ಐದು ಅಂಕ.

ಕೊನೆಗೆ ಸಾವನಿಯೂ ತನ್ನ ಪುಸ್ತಿಕೆ ಚಾಚಿದಳು. "ಅಜೋಬಾ, ನನಗೂ ಐದು ಬೇಕಾಗ್ಯಾವ."

ಅಜೋಬಾ ಕೆಂಪು ಪೆನ್ಸಿಲ್ ತೆಗೆದುಕೊಂಡು ಬಹಳ ಹೊತ್ತು ಗೆರೆಯನ್ನೇ ನೋಡಿದರು. ಆಮೇಲೆ ಬರೆದರು: "ವೇಳೆ: ಮಧ್ಯಾಹ್ನ ಎರಡೂ ಹತ್ತು. ಸ್ವರೂಪ: ಎತ್ತಿದ್ದು."

"ಐದೂ ಹತ್ತು ಅಂತ ಬರೀರಿ ಅಜೋಬಾ. ನಿಮಗ ಕೈ ಮುಗೀತೀನಿ."

"ಸುಳ್ಳು ಬರೀಲಿಕ್ಕೆ ಆಗೂದಿಲ್ಲ ಪೋರಿ. ನಲವತ್ತು ವರ್ಷ ಪಂಚಾಂಗ ತಿದ್ದೀನಿ. ಒಂದು ಘಳಿಗಿ ತಪ್ಪಿದ್ರ ಒಂದು ಮದುವಿ ತಪ್ಪತದ. ನನ್ನ ಕಾಲು ಉಳದದ್ದು ನಿನ್ನಿಂದ, ಅದು ಬ್ಯಾರೆ ಮಾತು. ಎರಡೂ ಹತ್ತಂದ್ರ ಎರಡೂ ಹತ್ತ."

ಮರುದಿನ ಸಭ್ಯತಾ ವಿಭಾಗದಲ್ಲಿ ವಿಚಾರಣೆ ನಡೆಯಿತು. ಅನುಮತಿಯಿಲ್ಲದೆ ವೃದ್ಧರನ್ನು ಮುಟ್ಟಿದ್ದಕ್ಕೆ ಐದು, ಬೋರ್ಡನ್ನು ಕಡೆಗಣಿಸಿದ್ದಕ್ಕೆ ಐದು, ಹಿರಿಯರಿಗೆ ಬಾಯಿ ಮುಚ್ಚಲು ಹೇಳಿದ್ದಕ್ಕೆ ಐದು ಅಂಕ ಕಳೆಯಲಾಯಿತು. ಹದಿನೇಳು ಸಾಕ್ಷಿಗಳ ಬರಹಗಳು ಒಂದಕ್ಕೊಂದು ಚಾಚೂ ತಪ್ಪದೆ ಹೊಂದಿಕೆಯಾದವು. ಸಾವನಿಯ ಒಟ್ಟು ಎಂಬತ್ತಕ್ಕೆ ಇಳಿಯಿತು.

"ಸರ್, ಅವರು ಮಳ್ಯಾಗ ಬಿದ್ದಿದ್ರು," ಎಂದಳು.

"ಬಿದ್ದವರು ಓಡಿ ಹೋಗ್ತಿದ್ರೇನು?" ದಾತಾರ್ ಸರ್ ಶಾಂತವಾಗಿ ಕೇಳಿದರು. "ಒಂದು ತಾಸು ಐವತ್ತು ನಿಮಿಷ ನಿಂತಿದ್ರ ನಿನಗ ಏನಾಗ್ತಿತ್ತು?"

"ನನಗಲ್ರೀ. ಅವರ ಕಾಲು ಹೋಗ್ತಿತ್ತು."

"ಕಾಲು ಅವರದು. ಅಂಕ ನಿನ್ನವು. ಎರಡನ್ನೂ ಕೂಡಿಸಬ್ಯಾಡ."

ಸಾವನಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಮೆಟ್ಟಿಲ ಪಕ್ಕದ ಬೋರ್ಡ್, "ಅಳುವವರು ಒಂದು ಬದಿಗೆ ಕೂತು ಅಳಿ. ಹೋಗಿ ಬರುವವರಿಗೆ ತೊಂದರೆಯಾಗದಿರಲಿ" ಎನ್ನುತ್ತಿತ್ತು. ಅವಳು ಸರಿದು ಕೂತಳು. ಫೋನಿನಲ್ಲಿ ನೀರಜ ಕಾಣಿಸಿಕೊಂಡು, ಬೆರಳುಗಳಿಂದ "ಪೇಢೆ ಯಾವಾಗ?" ಎಂದು ಕೇಳಿದ. ಅವಳು ಒದ್ದೆ ಕೈಯಲ್ಲೇ "ಇನ್ನೇನು, ಬಂತು" ಎಂದಳು. ಹಾಗೆ ಹೇಳುವಾಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಹದಿನೈದು ಅಂಕ ಕಳೆದ ಸುದ್ದಿ ಕೇಳಿ ಅಜೋಬಾ ಅಂದು ಊಟ ಬಿಟ್ಟರು. ಸಭ್ಯತಾ ಪುಸ್ತಿಕೆ ತರಿಸಿಕೊಂಡು, ಕಾಲು ಸ್ಟೂಲಿನ ಮೇಲೆ ಚಾಚಿ, ಕೆಂಪು ಪೆನ್ಸಿಲ್ ಹಿಡಿದು ಮೊದಲ ಪುಟದಿಂದ ಓದತೊಡಗಿದರು. ಎರಡು ದಿನ ಬೇಕಾಯಿತು. ಇನ್ನೂರ ಹನ್ನೊಂದು ತಪ್ಪುಗಳು ಸಿಕ್ಕವು, ಜೊತೆಗೆ ಮೂವತ್ತೇಳನೇ ನಿಯಮವೂ ಸಿಕ್ಕಿತು. ಕೂಡಲೇ ದಾತಾರರಿಗೆ ಹೇಳಿ ಕಳಿಸಿದರು. ದಾತಾರ್ ಸರ್ ಸಂಜೆ ಐದಕ್ಕೆ ಬಂದರು.

"ಓದ್ರಿ ಇದನ್ನ," ಎಂದರು ಅಜೋಬಾ. "ತಪ್ಪು ರೀತಿಯಲ್ಲಿ ಮಾಡಿದ ಉಪಕಾರವನ್ನು ಅದೇ ಸ್ಥಳದಲ್ಲಿ, ಅದೇ ವ್ಯಕ್ತಿಗೆ, ಸರಿಯಾದ ರೀತಿಯಲ್ಲಿ ಮತ್ತೊಮ್ಮೆ ಮಾಡಿ ತಿದ್ದಿಕೊಳ್ಳಬಹುದು. ಇದು ನೀವ ಬರದದ್ದು ಹೌದಲ್ಲೋ?"

"ಹೌದು."

"ಹಂಗಾದ್ರ ನನ್ನ ಮತ್ತ ಬೀಳಸ್ರಿ."

ದಾತಾರ್ ಸರ್ ಯೋಚಿಸಿದರು. "ಬೀಳೋದು ಬ್ಯಾಡ. ಬಿದ್ದಂಗ ಮಲಗಿದ್ರ ಸಾಕು."

"ಮುಖ ಪೂರ್ವಕ್ಕಿತ್ತು."

"ಪೂರ್ವಕ್ಕ ಮಾಡೋಣ."

ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡರು. ಮೌಲ್ಯಮಾಪನ ಸಮಿತಿ ಜೂನ್ ಹದಿನಾಲ್ಕಕ್ಕೆ ಬರುವುದಿತ್ತು. ಅಂದೇ ಸಂಜೆ ಐದೂವರೆಗೆ, ಸಮಿತಿಯ ಸಮಕ್ಷಮದಲ್ಲಿ, ಶ್ರೀ ಓಗಲೆಯವರನ್ನು ಸಭ್ಯವಾಗಿ ಎತ್ತುವ ಕಾರ್ಯಕ್ರಮವನ್ನು ನಿಗದಿಪಡಿಸಲಾಯಿತು.

ದಾತಾರ್ ಸರ್ ಸಾವನಿಯನ್ನು ಕರೆದು ತಿಳಿಸಿ ಹೇಳಿದರು. "ಎತ್ತಬಹುದೇ ಅಂತ ಮೂರು ಸಲ ಕೇಳಬೇಕು. ಅವರು ಹೂಂ ಅಂದ್ರ ಎತ್ತು, ಹತ್ತು ಅಂಕ ಬರ್ತಾವ. ಮೂರೂ ಸಲ ಬ್ಯಾಡಂದ್ರ ನಗುಮುಖದಿಂದ ಹಿಂದ ಸರೀಬೇಕು. ಅದಕ್ಕ ಇಪ್ಪತ್ತು. ಯಾಕಂದ್ರ ಇನ್ನೊಬ್ಬರ ಇಚ್ಛಾಕ್ಕ ಬೆಲೆ ಕೊಡೋದು ಎಲ್ಲಾಕ್ಕಿಂತ ದೊಡ್ಡ ಸಭ್ಯತಾ."

"ನನಗ ಇಪ್ಪತ್ತು ಬೇಕು ಸರ್. ಆದ್ರ ಮೂರೂ ಸಲ ಬ್ಯಾಡಂದ್ರ ಅಜೋಬಾನ್ನ ಎತ್ತೋರು ಯಾರು?"

"ಅದು ಪಠ್ಯಕ್ರಮದಾಗ ಇಲ್ಲ."

ಹದಿನಾಲ್ಕನೇ ತಾರೀಖು ವಾಡೆಯ ಮುಂದೆ ಶಾಮಿಯಾನ ಹಾಕಿದರು. "ಸುಸ್ವಾಗತ. ಪಾದರಕ್ಷೆಗಳನ್ನು ನಿಮ್ಮವೇ ಹಾಕಿಕೊಂಡು ಹೋಗಿ" ಎಂಬ ಬ್ಯಾನರ್ ಕಟ್ಟಿದರು. ಪ್ಲಾಸ್ಟರಿನ ಕಾಲಿನ ಅಜೋಬಾನನ್ನು ನಾಲ್ವರು ಹೊತ್ತು ತಂದು, ಅವರ ಲಿಖಿತ ಒಪ್ಪಿಗೆ ಪಡೆದು, ನೆಲದ ಮೇಲೆ ಮಲಗಿಸಿದರು. ಹದಿನೇಳು ಸಾಕ್ಷಿಗಳು ಸುತ್ತ ನಿಂತು ಎಡಗೈ ಇನ್ನಷ್ಟು ಮಡಚಿತ್ತೆಂದೂ ಕನ್ನಡಕ ಒಂದು ಕಿವಿಯಲ್ಲಿ ಮಾತ್ರ ಇತ್ತೆಂದೂ ತಿದ್ದಿದರು. ಡಾ. ಬೋರ್ವಣಕರ ಮೊದಲ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಪ್ರಾಚಾರ್ಯರು ಮೂರು ಸಲ ಕೇಳಿದ ಮೇಲೆ ಕೂತವರು ಅವರು.

ಸಾವನಿ ಮೂರು ಅಡಿ ದೂರದಲ್ಲಿ ನಿಂತಳು. "ಅಜೋಬಾ, ನಾನು ತಮ್ಮನ್ನು ಎತ್ತಬಹುದೇ?"

"ಬ್ಯಾಡ."

"ಅಜೋಬಾ, ದಯವಿಟ್ಟು, ಎತ್ತಬಹುದೇ?"

"ಬ್ಯಾಡಂದ್ನಲ್ಲ."

ಮೂರನೇ ಸಲ ಉಳಿದಿತ್ತು. ಹೂಂ ಅನ್ನಲಿ ಎಂದು ಒಂದು ಮನಸ್ಸು, ಅನ್ನದಿರಲಿ ಎಂದು ಇನ್ನೊಂದು. ನೆಲ ಒದ್ದೆಯಿತ್ತು, ಅಜೋಬಾನ ಧೋತರ ತೋಯುತ್ತಿತ್ತು. "ಅಜೋಬಾ, ಎತ್ತಲೇನ್ರೀ?" ಎಂದಳು ಕೊನೆಗೆ, ಪುಸ್ತಿಕೆಯಲ್ಲಿಲ್ಲದ ಮಾತಿನಲ್ಲಿ.

ಪುಸ್ತಿಕೆಯ ತೊಂಬತ್ತಾರೂ ಪುಟ ಓದಿದ್ದ ಅಜೋಬಾ ಅವಳ ಮುಖ ನೋಡಿದರು. ಅವರ ಕಣ್ಣು ತುಂಬಿತ್ತು. "ಬ್ಯಾಡವಾ," ಎಂದರು.

ಚಪ್ಪಾಳೆ ಬಿತ್ತು. ಡಾ. ಬೋರ್ವಣಕರ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ವರದಿಯಲ್ಲಿ "ಸಾಮಾಜಿಕ ನಯ: ಅತ್ಯುತ್ತಮ" ಎಂದು ಬರೆದರು. ಪ್ರಾಚಾರ್ಯ ಪಿಂಗಳೆಯವರು ಬಗ್ಗಿ ನಿಂತ ಗುಮಾಸ್ತರ ಬೆನ್ನ ಮೇಲೆ ಪದವಿ ಪತ್ರವನ್ನಿಟ್ಟು ಸಹಿ ಮಾಡಿ ಸಾವನಿಯ ಕೈಗೆ ಕೊಟ್ಟರು. ಅಲ್ಲಿಗೆ ನಾನೂರ ಹದಿಮೂರು ಮಂದಿಯೂ ಸಭ್ಯರಾದರು.

ಪತ್ರ ಕೈಗೆ ಬಂದದ್ದೇ ಸಾವನಿ ಬಗ್ಗಿ ಕೈ ಚಾಚಿದಳು. "ಕೈ ಹಿಂದ ತಗೋ," ಅಜೋಬಾ ಹಲ್ಲಿನ ಸಂದಿಯಲ್ಲಿ ಗದರಿದರು. "ಬರದ ಕಾಗದ ಹರೀಲಿಕ್ಕೆ ಎಷ್ಟು ಹೊತ್ತು? ಬಸ್ಸು ಎಷ್ಟಕ್ಕದ?"

"ಏಳೂವರಿಗೆ."

"ಮತ್ತ ಇಲ್ಲೇನ್ ಮಾಡ್ತೀ? ನಡಿ, ನಡಿ."

ಗಡಿಯಾರ ಆರು ಹೊಡೆಯಿತು. ಬೋರ್ಡಿನ ಪ್ರಕಾರ ಉಪಕಾರದ ವೇಳೆ ಮುಗಿದದ್ದರಿಂದ ಎಲ್ಲರೂ ಎದ್ದರು. ಹೊತ್ತು ತಂದ ನಾಲ್ವರಿಗೆ ತಂದು ಮಲಗಿಸುವ ಆದೇಶ ಮಾತ್ರ ಇತ್ತು, ಅವರೂ ಹೊರಟರು. ಸಮಿತಿ ಕಾಲೇಜಿಗೆ ಹೋಯಿತು. ಕ್ಯಾಂಟೀನಿನ ಮಾಲೀಕರು ಮೂರು ಸಲ ಚಹಾ ಕೇಳಿದರು. ಡಾ. ಬೋರ್ವಣಕರ ತಾವು ಕುಡಿದೇ ಬಂದಿರುವುದಾಗಿ ಎರಡು ಸಲ ಹೇಳಿ, ಆಮೇಲೆ ಎರಡು ಕಪ್ ಕುಡಿದರು.

ಓಗಲೆ ಅಜೋಬಾ ಪೂರ್ವಕ್ಕೆ ಮುಖ ಮಾಡಿ ಮಲಗಿದ್ದರು. ಸಣ್ಣಗೆ ಮಳೆ ಹನಿಯತೊಡಗಿತು. ಹೋಗಿಬರುವವರು ಬೋರ್ಡ್ ಓದಿ, ವೇಳೆ ನೋಡಿಕೊಂಡು, ಮುಂದೆ ಹೋದರು.

ಆರೂ ಇಪ್ಪತ್ತಕ್ಕೆ ಒಂದು ಸ್ಕೂಟರ್ ಬಂದು ನಿಂತಿತು. ಅದರ ಮೇಲಿದ್ದ ಹುಡುಗಿ ಕಣ್ಣೆರಡು ಬಿಟ್ಟು ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡಿದ್ದಳು, ಈ ಸಲ ಬಿಚ್ಚಲಿಲ್ಲ. ಅವಳು ಯಾರೆಂಬುದು ಯಾವ ದಾಖಲೆಯಲ್ಲೂ ಇಲ್ಲ. ಇಲ್ಲಿಯವರೆಗೆ ಸಾವನಿಯ ಬೆನ್ನಿಗೇ ಬಂದ ಈ ಕಥೆಗೂ ಆ ಅರ್ಧ ತಾಸು ಸಾವನಿ ಎಲ್ಲಿದ್ದಳೆಂಬುದು ಗೊತ್ತಿಲ್ಲ.

"ಯಾರು?" ಎಂದರು ಅಜೋಬಾ.

"ಬಾಯಿ ಮುಚ್ಚಿ ಏಳ್ರಿ," ಎಂದಳು ಹುಡುಗಿ.

ಅಜೋಬಾ ಬಾಯಿ ಮುಚ್ಚಿ ಎದ್ದರು. ಅವಳು ಅವರನ್ನು ಒಳಗೆ ಒಯ್ದು ಕುರ್ಚಿಯಲ್ಲಿ ಕೂರಿಸಿ, ತೋಯ್ದ ತಲೆ ಒರೆಸಿ, ಕನ್ನಡಕವನ್ನು ಎರಡೂ ಕಿವಿಗೆ ಸಿಕ್ಕಿಸಿ, ಕೇಳದೆಯೇ ಚಹಾ ಮಾಡಿ, ಖಾರಿ ಬಿಸ್ಕತ್ತಿನ ಜೊತೆ ಮುಂದಿಟ್ಟಳು. "ಸಕ್ಕರಿ ಜಾಸ್ತಿ ಆಗ್ಯದ," ಎಂದರು ಅಜೋಬಾ. "ಕುಡೀರಿ ಸುಮ್ಮನ," ಎಂದು ಬೈದು, ಅವರ ಕಾಲಿಗೆ ನಮಸ್ಕರಿಸಿ ಹೋದಳು. ಆ ಸಂಜೆ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಸಾತಾರಾ ಬಸ್ಸು ಹೊರಡಲು ಎರಡು ನಿಮಿಷವಿದ್ದಾಗ ಓಡಿಬಂದು ಹತ್ತಿದ ಒಬ್ಬಳಿಗೆ, ತಡವಾಗಿ ಬರುವವರು ಮುಂಜಾನೆಯೇ ಹೊರಡಬೇಕೆಂದು ಕಂಡಕ್ಟರ್ ಬುದ್ಧಿ ಹೇಳಿದರಂತೆ.

ಮರುದಿನ, ವೇಳೆ ಮುಗಿದ ಮೇಲೆ ಯಾರೋ ಅಜೋಬಾನನ್ನು ಎತ್ತಿದರೆಂದು ಅಂಗಡಿಯವರೊಬ್ಬರು ಕೊಟ್ಟ ದೂರಿನ ಮೇಲೆ ಕಾಲೇಜು ವಿಚಾರಣಾ ಸಮಿತಿ ನೇಮಿಸಿತು. ಸಮಿತಿ ಎಂದರೆ ದಾತಾರ್ ಸರ್. ವಾಡೆಯ ಅಂಗಳದಲ್ಲಿ ಸಾವನಿಯ ಸ್ಕೂಟರ್ ನಿಂತಿತ್ತು, ಇಂಜಿನ್ನಿನ ಮೇಲೆ ಹಿಂದಿನ ಸಂಜೆಯ ಕೆಸರಿತ್ತು. ದಾತಾರ್ ಸರ್ ಅದನ್ನು ಸುತ್ತಲೂ ಪರಿಶೀಲಿಸಿ ಬರೆದರು: "ಕೃತ್ಯ ಎಸಗಿದವಳು ಅಸಭ್ಯಳು. ಕು. ಟಿಪಣೀಸ್ ಸಭ್ಯಳೆಂಬುದು ದಫ್ತರದಿಂದ ಸಿದ್ಧವಾಗಿದೆ. ಆದ್ದರಿಂದ ಕೃತ್ಯ ಎಸಗಿದವಳು ಕು. ಟಿಪಣೀಸ್ ಅಲ್ಲ. ಬೇರೆ ಕಾಲೇಜಿನವಳಿರಬೇಕು." ನಾಲ್ಕು ವರ್ಷಗಳ ನಂತರ ತರ್ಕಶಾಸ್ತ್ರ ಉಪಯೋಗಕ್ಕೆ ಬಂದದ್ದಕ್ಕೆ ಅವರಿಗೆ ಬಹಳ ಸಮಾಧಾನವಾಯಿತು.

"ಮುಖ ನೋಡಿದ್ರೇನು?" ಎಂದು ಅಜೋಬಾನನ್ನು ಕೇಳಿದರು.

"ಇಲ್ಲ."

"ಗುರುತೇನರ?"

"ಕೈ ಬೆಚ್ಚಗಿದ್ದವು," ಎಂದರು ಅಜೋಬಾ. ದಾತಾರ್ ಸರ್ ಅದನ್ನು ಬರೆದುಕೊಳ್ಳಲಿಲ್ಲ, ಯಾಕೆಂದರೆ ನಮೂನೆಯಲ್ಲಿ ಅದಕ್ಕೆ ಗೆರೆಯಿರಲಿಲ್ಲ.

ಕಾಲೇಜಿನ ಹೆಬ್ಬಾಗಿಲಲ್ಲಿ ಈಗ, "ಕೇಳದೆ ಎತ್ತುವವರು ಈ ಭಾಗದಲ್ಲಿ ಓಡಾಡುತ್ತಿದ್ದಾರೆ. ಬಿದ್ದವರು ಎಚ್ಚರದಿಂದಿರಿ" ಎಂಬ ಬೋರ್ಡ್ ಇದೆ. ಅದರ ಕೆಳಗೆ ವಿದ್ಯಾರ್ಥಿಗಳು ನಮಸ್ಕಾರ ಮಾಡಿ ಒಳಗೆ ಹೋಗುತ್ತಾರೆ. ಓಗಲೆ ವಾಡೆಯ ಗೇಟಿನ ಬೋರ್ಡಿಗೂ ಹೊಸ ಬಣ್ಣ ಬಂದಿದೆ, ಕೊನೆಯಲ್ಲಿ ಎರಡು ಸಾಲು ಹೆಚ್ಚಾಗಿವೆ. ಪೇಟೆಯ ಜನ ನಿಂತು ಓದಿ, ಸರಿಯಾಗಿಯೇ ಇದೆಯೆಂದು ತಲೆದೂಗಿ, ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ:

"ಮಧ್ಯಾಹ್ನ ಒಂದರಿಂದ ನಾಲ್ಕು ಹಾಗೂ ಸಂಜೆ ಆರರ ನಂತರ ಸಭ್ಯರಿಗೆ ಪ್ರವೇಶವಿಲ್ಲ. ಮುಖ ಮುಚ್ಚಿಕೊಂಡವರು ನೇರ ಒಳಗೆ ಬರಬೇಕು. ಕೇಳಬಾರದು."